ದಕ್ಷಿಣಕ್ಕೆ ಬಿದ್ದ ನೆರಳು

ಇಷ್ಟು ವರ್ಷವಾದರೂ ಆ ಮೇಷ್ಟ್ರ ನೆನಪಾದರೆ ಮೈ ಉರಿಯುತ್ತದೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಯಾಕೆ ಆಡಬಾರದು? ಅನುಭವಿಸಿದವಳು ನಾನಿನ್ನೂ ಬದುಕಿದ್ದೇನಲ್ಲ.

ಅದು ಎಪ್ಪತ್ತರ ದಶಕ. ಸಿರುಗುಪ್ಪದ ನಮ್ಮ ಶಾಲೆಯ ಗಡಿಯಾರ ಕೆಟ್ಟು ಕೂತಿತ್ತು. ಚಳಿಗಾಲದ ಒಂದು ಮಧ್ಯಾಹ್ನ ಮೇಷ್ಟ್ರು ಬಾವುಟದ ಕಂಬದ ನೆರಳು ನೋಡಿ, ಕಂಬದಿಂದ ಉತ್ತರಕ್ಕೆ ಸುಣ್ಣದ ಗೆರೆ ಎಳೆಸಿದರು. ನೆರಳು ಗೆರೆಯ ಮೇಲೆ ಬಂದಾಗ ಜವಾನ ಊಟದ ಗಂಟೆ ಹೊಡೆಯಬೇಕು. ಎಂಥ ಬುದ್ಧಿವಂತಿಕೆ ಎಂದು ಊರೆಲ್ಲ ಹೊಗಳಿತು.

ನಾನು ಏಳನೆಯ ತರಗತಿಗೆ ಬಂದ ಜೂನ್ ತಿಂಗಳಲ್ಲಿ ನೆರಳು ಗೆರೆಯತ್ತ ಸುಳಿಯಲೇ ಇಲ್ಲ. ದಿನವಿಡೀ ಕಂಬದ ದಕ್ಷಿಣಕ್ಕೇ ಇರುತ್ತಿತ್ತು, ನಡುಮಧ್ಯಾಹ್ನ ಒಂದು ಮೊಳದಷ್ಟು. ಜವಾನ ಪಾಪ, ತನಗೆ ಹಸಿವಾದಾಗ ಗಂಟೆ ಹೊಡೆದು ಬೈಸಿಕೊಳ್ಳುತ್ತಿದ್ದ.

"ಸರ, ನೆರಳು ಆ ಕಡಿ ಬೀಳಾಕತ್ತೈತ್ರಿ," ಎಂದೆ.

"ಭಾರತದಾಗ ಮಧ್ಯಾಹ್ನದ ನೆರಳು ಯಾವಾಗ್ಲೂ ಉತ್ತರಕ್ಕ ಬೀಳತೈತಿ ಅಂತ ಪುಸ್ತಕದಾಗ ಐತಿ. ಸುಮ್ನ ಅದನ್ನ ಬರಿ."

ಆ ಮಾತು ದಿಲ್ಲಿಯವರಿಗೆ ಸರಿ. ನಮ್ಮ ಸೀಮೆಯಲ್ಲಿ ಮೇ ಮೊದಲ ವಾರ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ, ಆಗಸ್ಟ್‌ನಲ್ಲಿ ಮರಳುತ್ತಾನೆ. ಇದನ್ನು ನಾನು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆಗ ನನಗಿದ್ದದ್ದು ಎರಡು ಕಣ್ಣು ಅಷ್ಟೇ. ಮಾರ್ಚ್ ಪರೀಕ್ಷೆಯಲ್ಲಿ ನೆರಳಿನ ಬಗ್ಗೆ ಕೇಳಿದ ಎರಡು ಅಂಕದ ಪ್ರಶ್ನೆಗೆ ಕಂಡದ್ದನ್ನೇ ಬರೆದೆ. ಆ ಎರಡು ಅಂಕ ಸಾಲದೆ ವಿಜ್ಞಾನದಲ್ಲಿ ಫೇಲಾದೆ. ತಿದ್ದಿದವರು ಅವರೇ.

ಅಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಪಾಸಾದರೆ ಬಳ್ಳಾರಿಯ ಸೋದರತ್ತೆಯ ಮನೆಯಲ್ಲಿಟ್ಟು ಹೈಸ್ಕೂಲು ಓದಿಸುತ್ತೇನೆ, ಇಲ್ಲವಾದರೆ ಕುರುಗೋಡಿನಿಂದ ಬಂದ ಸಂಬಂಧಕ್ಕೆ ಒಪ್ಪುತ್ತೇನೆ ಎಂದು ಮೊದಲೇ ಹೇಳಿದ್ದ. ಶಾಲೆ ಮತ್ತೆ ತೆರೆದ ಜೂನ್‌ನಲ್ಲಿ ಅವನ ಕೈ ಹಿಡಿದು ಕಂಬದ ಹತ್ತಿರ ಎಳೆದೊಯ್ದೆ. ಮಧ್ಯಾಹ್ನದ ಬಿಸಿಲು. ಅಪ್ಪ ಬಗ್ಗಿ ನೋಡಿದ. ಮೇಷ್ಟ್ರೂ ಬಂದರು.

"ಹುಡುಗಿ ಬರೆದಿದ್ದು ಖರೇನ ಐತಲ್ರಿ ಮಾಸ್ತರ?"

ಮೇಷ್ಟ್ರು ನೆರಳನ್ನು ನೋಡಿದರು, ಆಮೇಲೆ ನನ್ನನ್ನು. "ನೆರಳು ಎಲ್ಲೆರ ಬೀಳ್ಲಿ ಬಿಡಪ. ಪುಸ್ತಕ ನಾ ಬರೆದಿಲ್ಲ. ರಿಜಲ್ಟ್ ಮ್ಯಾಲೆ ಕಳಿಸ್ಯಾಗೈತಿ."

ಗೊತ್ತಿಲ್ಲದೆ ತಪ್ಪು ಮಾಡಿದ್ದರೆ ಕ್ಷಮಿಸುತ್ತಿದ್ದೆ. ಕಣ್ಣಾರೆ ನೋಡಿ ಹಾಗೆಂದರು! ಅಪ್ಪನ ಮೇಲೂ ಸಿಟ್ಟಿದೆ. ಗಿರಣಿ ಸಾಹುಕಾರನ ಎದುರು ಎದೆಯೆತ್ತಿ ಜಗಳಕ್ಕೆ ನಿಲ್ಲುತ್ತಿದ್ದವನು ಅಲ್ಲಿ ತಲೆಯ ಟವೆಲ್ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡ.

"ನೀ ಹೇಳಿದ್ದು ಖರೆ ಐತಿ ಯವ್ವಾ," ಎಂದ ನನಗೆ. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಹಂಗಾದ್ರ ಟೀಸಿ ಕೊಟ್‌ಬಿಡ್ರಿ," ಎಂದ.

ಮೇಷ್ಟ್ರು ಅಲ್ಲೇ ಕೂತು ಬರೆದರು. ಶಾಲೆ ಬಿಡಲು ಕಾರಣ ಎಂಬ ಸಾಲಿನ ಮುಂದೆ ದುಂಡಗಿನ ಅಕ್ಷರದಲ್ಲಿ ತುಂಬಿದರು: ವಿದ್ಯಾರ್ಥಿನಿಗೆ ಓದಿನಲ್ಲಿ ಆಸಕ್ತಿ ಇಲ್ಲ.