ಗಂಗಿಯ ಪಾಲಿನ ಬಿಸ್ಕತ್ತು

ಒಣಶುಂಠಿ, ಲವಂಗ, ಬೆಲ್ಲ ಶೇಂಗಾ ಎಣ್ಣೆಯೊಳಗೆ ಕೂಡಿ ಬೇಯುವಾಗ ಒಂದು ವಾಸನೆ ಏಳುತ್ತದೆ. ಅದನ್ನು ನಾನು ಚಿಕ್ಕಂದಿನಲ್ಲಿ ಬಿಟ್ಟರೆ ಮತ್ತೆಲ್ಲೂ ಮೂಸಿರಲಿಲ್ಲ. ಈ ಸಲ ಹಿರಿಯರ ಹಬ್ಬದ ಅಮಾವಾಸ್ಯೆ ಬೆಳಿಗ್ಗೆ, ದಾವಣಗೆರೆಯ ವಿದ್ಯಾನಗರದ ನನ್ನ ಮಗನ ಮನೆಯಲ್ಲಿ, ಸೊಸೆ ಶಿಲ್ಪಾಳ ಕರೆಂಟಿನ ಒಲೆಯ ಬಾಗಿಲು ತೆಗೆದಾಗ ಅದೇ ವಾಸನೆ ಮುಖಕ್ಕೆ ಬಡಿಯಿತು. ಹಿಂದಿನಿಂದ ಯಾರೋ ನನ್ನ ಸೀರೆ ಹಿಡಿದು ಜಗ್ಗಿದಂತಾಯಿತು. ಮೊಮ್ಮಗಳು ಸಿರಿ ಇರಬೇಕು ಎಂದು ನಗುತ್ತಲೇ ತಿರುಗಿದೆ. ಯಾರೂ ಇರಲಿಲ್ಲ. ಸಿರಿ ನಡುಮನೆಯಲ್ಲಿ ಅವಳಪ್ಪನ ತೊಡೆ ಮೇಲಿದ್ದಳು.

ನಮ್ಮ ತವರು ಹರಿಹರ. ಹೊಳೆಗೆ ಹೋಗುವ ದಾರಿಯಲ್ಲಿ ಎರಡು ಅಂಕಣದ ಮಣ್ಣಿನ ಮನೆ, ಈಗ ಅಲ್ಲಿ ಅಂಗಡಿ ಸಾಲು ಬಂದಿದೆ. ಅಪ್ಪ ಗಿರಣಿ ಕೆಲಸಕ್ಕೆ ಹೋಗುತ್ತಿದ್ದ, ಮನೆಯಲ್ಲಿ ಅವ್ವ, ಅಪ್ಪನ ತಾಯಿಯಾದ ಅಜ್ಜಿ, ನಾನು, ಮೂರು ವರ್ಷದ ತಂಗಿ ಗಂಗಿ. ಗಂಗಿಗೆ ಹಾಲು ಒಗ್ಗುತ್ತಿರಲಿಲ್ಲ. ಒಂದು ಗುಟುಕು ಒಳಗೆ ಹೋದರೆ ಸಾಕು, ತುಟಿ ಊದಿ, ಮೈತುಂಬ ದದ್ದು ಎದ್ದು, ಉಸಿರು ಸಿಳ್ಳೆಯಂತೆ ಕೂಗುತ್ತಿತ್ತು. ಹಬ್ಬದಲ್ಲಿ ನಾವೆಲ್ಲ ಹೋಳಿಗೆಗೆ ಹಾಲು ತುಪ್ಪ ಸುರಿದುಕೊಂಡು ಉಣ್ಣುವಾಗ ಆ ಕೂಸು ಬಾಗಿಲಲ್ಲಿ ನಿಂತು ನೋಡುತ್ತಿತ್ತು. ಅದನ್ನು ತಾಳಲಾರದೆ ಅವ್ವ, ಬೇಕರಿ ಸಾಬರ ಹೆಂಡತಿಯನ್ನು ಕೇಳಿ ಈ ಬಿಸ್ಕತ್ತು ಕಲಿತಳು. ನಮ್ಮದು ಮೊದಲೇ ಮೊಟ್ಟೆ ಮುಟ್ಟದ ಮನೆ. ಹಾಲಿಲ್ಲ, ಬೆಣ್ಣೆಯಿಲ್ಲ, ಬರೀ ಗೋಧಿ ಹಿಟ್ಟು, ಬೆಲ್ಲದ ನೀರು, ಎಣ್ಣೆ, ಕುಟ್ಟಿದ ಮಸಾಲೆ. ಹಳೆಯ ಹಂಡೆಯ ತಳಕ್ಕೆ ಹೊಳೆಯ ಮರಳು ಹಾಕಿ ಕಾಯಿಸಿ, ಒಳಗೆ ತಟ್ಟೆ ಇಟ್ಟು, ಮುಚ್ಚಳದ ಮೇಲೆ ಕೆಂಡ ಹರವುತ್ತಿದ್ದಳು. ಗಂಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಅಂಚಿನಿಂದ ಅಂಚಿಗೆ ಇಲಿಯಂತೆ ಕಡಿಯುತ್ತ ಅರ್ಧ ಮಧ್ಯಾಹ್ನ ಕಳೆಯುತ್ತಿದ್ದಳು.

ಅಜ್ಜಿಗೆ ಇದೆಲ್ಲ ಸೋಗು ಅನಿಸುತ್ತಿತ್ತು. ಹಾಲು ಕುಡಿದು ಯಾವ ಕೂಸು ಕೆಟ್ಟೈತೆ ಎಂದು ಅವ್ವನನ್ನು ಹಂಗಿಸುತ್ತಿದ್ದಳು. ಒಂದು ದಿನ ಪಕ್ಕದ ಮನೆಯ ಎಮ್ಮೆ ಈದು ಗಿಣ್ಣು ಬಂತು. ಅವ್ವ ಹೊಳೆಗೆ ಬಟ್ಟೆ ಒಗೆಯಲು ಹೋಗಿದ್ದಳು. ಅಜ್ಜಿ ಬರೀ ಪ್ರೀತಿಯಿಂದ, ಗಂಗಿಗೆ ಎರಡು ಚಮಚ ತಿನ್ನಿಸಿದಳು. ಅವ್ವ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಅಜ್ಜಿ ಯಾರಿಗೂ ಬಡಿಸಲಿಲ್ಲ. ಅವ್ವ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಿಮ್ಮ ಮನೆಗಳಲ್ಲೂ ಇದ್ದೀತು, ಹಿರಿಯರ ಹಬ್ಬಕ್ಕೆ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಬಾಗಿಲು ಎಳೆದು ಮುಚ್ಚಿ, ಅವರು ಉಂಡು ಹೋಗಲಿ ಎಂದು ಹೊರಗೆ ಕಾಯುವುದು. ಮೊದಲ ವರ್ಷ ಗಂಗಿಯ ಬಿಸ್ಕತ್ತು ಇಟ್ಟ ಹಾಗೇ ಇತ್ತು. ಕೂಸಿಗೆ ಸಿಟ್ಟು ಹೋಗಿಲ್ಲ ಎಂದು ಅಜ್ಜಿ ಮೂರು ದಿನ ಅನ್ನ ಮುಟ್ಟಲಿಲ್ಲ. ಮರುವರ್ಷ ನನಗೆ ಏಳು, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಎಡೆ ಇಡುವ ಗದ್ದಲದಲ್ಲಿ ನಾನು ಒಳಗೆ ನುಸುಳಿ ಜೋಳದ ಚೀಲಗಳ ಹಿಂದೆ ಕುಳಿತೆ. ಬಾಗಿಲು ಮುಚ್ಚಿತು. ಹೊರಗೆ ಸುಡುವ ಮಟಮಟ ಮಧ್ಯಾಹ್ನ, ಒಳಗೆ ಒಂದು ಹಣತೆ. ಗಾಳಿಯಿಲ್ಲದೆಯೂ ಅದರ ಕುಡಿ ಒಂದೇ ಕಡೆಗೆ ಬಾಗುತ್ತಿತ್ತು. ಬಹಳ ಹೊತ್ತು ಕಾದೆ, ಯಾರೂ ಬರಲಿಲ್ಲ. ಮತ್ತೆ ಅಜ್ಜಿ ಉಪವಾಸ ಕೂರುತ್ತಾಳೆ ಎಂದು ನನಗೆ ಅಳು ಬಂತು. ತೆವಳಿಕೊಂಡು ಹೋಗಿ ಒಂದು ಬಿಸ್ಕತ್ತನ್ನು ಕಡಿದು, ಇದ್ದಲ್ಲೇ ಇಟ್ಟು, ಚೀಲದ ಹಿಂದೆ ಸರಿದು ಕಣ್ಣು ಮುಚ್ಚಿಕೊಂಡೆ.

ಬಾಗಿಲು ತೆಗೆದು ಎಲ್ಲರೂ ಒಳಗೆ ನುಗ್ಗಿದಾಗ ನಾನೂ ಅವರ ಹಿಂದೆ ನಿಂತೆ. ಅವ್ವ ತಟ್ಟೆಯಿಂದ ಕಡಿದ ಬಿಸ್ಕತ್ತನ್ನು ಎತ್ತಿದಳು. ಆಮೇಲೆ ಇನ್ನೊಂದನ್ನು ಎತ್ತಿದಳು. ನಾನು ಕಡಿದದ್ದರಲ್ಲಿ ನಡುವೆ, ಹಲ್ಲಿಲ್ಲದ ಕಡೆ, ಕಡಿಯದ ಚೂರು ಉಳಿದಿತ್ತು. ಇನ್ನೊಂದರಲ್ಲಿ ಹಾಗೆ ಉಳಿದಿರಲಿಲ್ಲ. ಸಣ್ಣ ಸಣ್ಣ ಹಲ್ಲಿನ ಗುರುತು, ಅಂಚಿನಿಂದ ಅಂಚಿಗೆ. ಅಜ್ಜಿ ಅದನ್ನು ಕಸಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. "ಬಂದಿದ್ಲು ನೋಡ್ರಿ. ಸಿಟ್ಟಿಲ್ಲ ನನ್ ಕೂಸಿಗೆ." ಆ ದಿನ ಅವಳು ಉಂಡಳು. ನಾನು ಯಾರಿಗೆ ಏನು ಹೇಳಲಿ?

ಈಗ ನಾನೇ ಅಜ್ಜಿ. ಸಿರಿಗೂ ಮೂರು ವರ್ಷ. ಅವಳಿಗೆ ಹಾಲೂ ಆಗದು, ಮೊಟ್ಟೆಯೂ ಆಗದು. ಶಿಲ್ಪಾ ಪೊಟ್ಟಣದ ಮೇಲಿನ ಇರುವೆಯಂಥ ಅಕ್ಷರ ಓದದೆ ಏನನ್ನೂ ಕೊಡುವುದಿಲ್ಲ, ನಾನು ಓದಿದ್ದು ನಾಲ್ಕನೆಯ ತರಗತಿ. ಮಗು ನನ್ನ ಹತ್ತಿರ ಇರುವಾಗ ಶಿಲ್ಪಾಳ ಕಣ್ಣು ನನ್ನ ಕೈ ಮೇಲೇ. ಅದಕ್ಕೆ ಬೇಸರವಿಲ್ಲ. ಗಂಗಿಯ ಸುದ್ದಿ ಅವಳಿಗೆ ನಾನೇ ಹೇಳಿದ್ದು. ಆದರೂ ಒಂದೇ ಒಂದು ತುತ್ತು ನನ್ನ ಕೈಯಿಂದ ಆ ಬಾಯಿಗೆ ಇಡಬೇಕೆಂಬ ಆಸೆ ಮೂರು ವರ್ಷದಿಂದ ಎದೆಯಲ್ಲಿ ಕುದಿಯುತ್ತಿತ್ತು. ಈ ಹಬ್ಬಕ್ಕೆ ಗಂಗಿಯ ಎಡೆಗೂ ಸಿರಿಗೂ ಆ ಬಿಸ್ಕತ್ತು ಮಾಡಲೇ ಎಂದು ಬಾಯಿಬಿಟ್ಟು ಕೇಳಿದೆ. ಶಿಲ್ಪಾ ಪಾತ್ರೆಗಳನ್ನೆಲ್ಲ ತಾನೇ ಎರಡು ಸಲ ತೊಳೆದು ಕೊಟ್ಟಳು. ಅಳತೆ ನನ್ನ ತಲೆಯಲ್ಲಿರಲಿಲ್ಲ, ಅಂಗೈಯಲ್ಲಿತ್ತು. ಮೊದಲ ತಟ್ಟೆ ಆರುವುದರೊಳಗೆ ನನ್ನ ನಾದಿನಿ ಚೆನ್ನಮ್ಮ ಅಡ್ಡ ಬಂದಳು. "ಸತ್ತೋರ ಪಾಲನ್ನ ಬದುಕಿರೋ ಕೂಸಿಗೆ ಮೊದ್ಲು ತಿನ್ನಿಸ್ತಾರೇನೆ? ಎಡೆ ಆಗ್ಲಿ ತಡಿ." ಎತ್ತಿದ ಬಿಸ್ಕತ್ತನ್ನು ತಟ್ಟೆಗೆ ಇಟ್ಟೆ. ಆದರೆ ಗಂಗಿ ಬಾಗಿಲಲ್ಲಿ ನಿಂತು ಉಳಿದವರು ಉಣ್ಣುವುದನ್ನು ನೋಡಿದ ಕೂಸು, ಇನ್ನೊಂದು ಕೂಸನ್ನು ಹಾಗೆ ನಿಲ್ಲಿಸೆಂದು ಅವಳು ಹೇಳಲಾರಳು. ಸಿರಿಯ ಬಾಯಿಗೆ ಇಟ್ಟೇಬಿಟ್ಟೆ.

ಆಮೇಲೆ ಕಾದೆವು. ತುಟಿ ನೋಡಿದೆವು, ಕುತ್ತಿಗೆ ನೋಡಿದೆವು, ಅಂಗಿ ಎತ್ತಿ ಬೆನ್ನು ನೋಡಿದೆವು. ಉಸಿರು ಕೇಳಲು ಶಿಲ್ಪಾ ಟೀವಿ ಆರಿಸಿದಳು. ನನ್ನ ಕಿವಿಯಲ್ಲಿ ಆ ಹಳೆಯ ಸಿಳ್ಳೆ ಕೂಗುತ್ತಲೇ ಇತ್ತು, ಮಗುವಿನ ಎದೆಗೆ ಕಿವಿಯಿಟ್ಟರೆ ಮಾತ್ರ ಇರಲಿಲ್ಲ. ಸಿರಿ ಕೈ ಚಾಚಿ ಇನ್ನೊಂದು ಕೇಳಿದಳು. ನನಗಾದ ಸಂತೋಷಕ್ಕೆ, ಒಂದು ಕೇಳಿದವಳಿಗೆ ಎರಡು ಕೊಟ್ಟೆ.

ಮಧ್ಯಾಹ್ನ ದೇವರ ಕೋಣೆಯಲ್ಲಿ ಎಡೆ ಇಟ್ಟು ಬಾಗಿಲು ಹಾಕಿದೆವು. ಶಿಲ್ಪಾ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿ, ಬಿಸ್ಕತ್ತಿನ ಬಟ್ಟಲನ್ನು ಪಕ್ಕದಲ್ಲಿಟ್ಟಳು. "ನೀವೇ ತಿನ್ನಿಸ್ರಿ ಅತ್ತೆ, ನಾನೊಂಚೂರು ಅಡ್ಡಾಗ್ತೀನಿ" ಎಂದು ಹೊರಟಳು. ಒಮ್ಮೆಯೂ ತಿರುಗಿ ನೋಡಲಿಲ್ಲ. ಹರಿಹರದಲ್ಲಿ ಅಂದು ಬಾಗಿಲ ಹೊರಗೆ ಕಾದಿದ್ದ ಅವ್ವ, ಅಪ್ಪ, ಅಜ್ಜಿ ಎಲ್ಲರೂ ಈಗ ಒಳಗಿನವರು. ಅವರಲ್ಲಿ ಹೊರಗುಳಿದವಳು ನಾನೊಬ್ಬಳೇ. ಸ್ವಲ್ಪ ಹೊತ್ತಿಗೆ ಮಗ ಬಂದು, ಆಯ್ತೇನವ್ವ, ತೆಗೀಲಾ ಎಂದು ಚಿಲಕಕ್ಕೆ ಕೈ ಹಾಕಿದ.

"ಇನ್ನೊಂದು ಗಳಿಗೆ ತಡಿಯಪ್ಪ" ಎಂದೆ. "ಒಳಗ ಸಣ್ಣ ಕೂಸೈತೆ. ನಿಧಾನ ತಿಂತೈತೆ."