ಮಂಟಪದಲ್ಲಿ ನಿಲ್ಲದ ದೀಪ

ಕಡಕೊಳದ ಒಂದು ಕಾರ್ಖಾನೆಯಲ್ಲಿ ನಾನು ಯಂತ್ರದ ಬಿಡಿಭಾಗಗಳ ಚಿತ್ರ ಬರೆಯುವವಳು. ಕಂಪ್ಯೂಟರಿನಲ್ಲಿ ಗೇರು, ಬೋಲ್ಟು, ಪಂಪಿನ ಹೊಟ್ಟೆ, ಇಂಥವನ್ನು ಸುತ್ತಲೂ ತಿರುಗಿಸಿ ನೋಡುವ ಹಾಗೆ ಬರೆಯುತ್ತೇನೆ. ಅಷ್ಟೇ ಸಾಕಾಯಿತು, ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ ಯಾರ ಟಿವಿ ಕೆಟ್ಟರೂ, ಯಾರ ಫೋನಿಗೆ ಮಂಕು ಬಡಿದರೂ ನನಗೇ ಕರೆ. ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಮಂಡಿನೋವಿಗೆ ಔಷಧಿ ಕೇಳಿದ ಹಾಗೆ. ನಾನು ರೇಗುತ್ತೇನೆ. ರೇಗುತ್ತಲೇ ಹೋಗಿ, ಸರಿಮಾಡಿ, ಕಾಫಿ ಕುಡಿದು ಬರುತ್ತೇನೆ. ಹಾಗಾಗಿ ನನ್ನ ಸಿಟ್ಟಿಗೆ ಬೀದಿಯಲ್ಲಿ ಮೂರು ಕಾಸಿನ ಬೆಲೆಯಿಲ್ಲ.

ಭಜನಾ ಮಂಡಳಿಯ ಮಂಟಪ ನನ್ನ ತಲೆಗೆ ಬಂದದ್ದೂ ಹೀಗೆಯೇ. ಲಾಕ್‌ಡೌನಿನಲ್ಲಿ ಮಂಡಳಿಯವರು ವಿಡಿಯೋ ಕಾಲ್ ಮಾಡಿ ಹಾಡಲು ಹೊರಟರು. ಬರೀ ಮುಖಗಳ ಚೌಕ ನೋಡಿದರೆ ಭಕ್ತಿ ಬರುವುದಿಲ್ಲ, ಪಡಿತರ ಚೀಟಿ ನೋಡಿದ ಹಾಗಾಗುತ್ತದೆ ಎಂದು ನಮ್ಮ ಅಧ್ಯಕ್ಷೆ ದೂರಿದರು. ಇವರು ಮೂಲೆಮನೆಯವರು. ಮಾವನ ಕಾಲದಿಂದ ಸಂತೇಪೇಟೆಯಲ್ಲಿ ಬೆಲ್ಲದ ವ್ಯಾಪಾರ, ನಾವೂ ಅವರೂ ಒಂದೇ ಮಠದ ಒಕ್ಕಲು, ಆದ್ದರಿಂದ ಇಲ್ಲ ಅನ್ನುವ ಹಾಗಿಲ್ಲ. ಕಂಪ್ಯೂಟರಿನೊಳಗೇ ಊರುಕೇರಿ ಕಟ್ಟಿಕೊಳ್ಳಬಹುದಾದ ಒಂದು ಲೋಕವಿದೆ. ಅಲ್ಲಿ ಒಂದು ಜಾಗ ಹಿಡಿದು ಕಂಬದ ಮಂಟಪ ಕಟ್ಟಿದೆ, ದೇವಿಯನ್ನು ಕೂರಿಸಿದೆ. ಪ್ರತಿಯೊಬ್ಬರಿಗೂ ಒಂದೊಂದು ಬೊಂಬೆ. ನಮ್ಮ ಬದಲು ಬೊಂಬೆ ನಡೆಯುತ್ತದೆ, ಕೂರುತ್ತದೆ, ಕೈ ಮುಗಿಯುತ್ತದೆ. ಬೊಂಬೆ ಕೂತ ಜಾಗದಿಂದ ಏನು ಕಾಣುತ್ತದೋ ಅದೇ ನಮ್ಮ ಪರದೆಯಲ್ಲಿ ಕಾಣುತ್ತದೆ. ಹಿಂದೆ ಚಾಮುಂಡಿ ಬೆಟ್ಟವನ್ನೂ ಬರೆದೆ. "ಬೆಟ್ಟ ಚೆನ್ನಾಗಿದೆ ಕಣೇ, ಸ್ವಲ್ಪ ಬೋಂಡದ ತರ ಇದೆ ಅಷ್ಟೇ," ಎಂದು ಅಧ್ಯಕ್ಷೆ ಹರಸಿದರು.

ಎಲ್ಲರೂ ಒಟ್ಟಿಗೆ ಹಾಡಿದರೆ ಒಬ್ಬರ ಪಲ್ಲವಿಗೆ ಇನ್ನೊಬ್ಬರ ಚರಣ ಡಿಕ್ಕಿ ಹೊಡೆಯುತ್ತಿತ್ತು. ಅದಕ್ಕೆ ಒಬ್ಬರು ಹಾಡುವುದು, ಉಳಿದವರು ಮೈಕು ಮುಚ್ಚಿಕೊಂಡು ಅವರವರ ಮನೆಯಲ್ಲಿ ಹಾಡಿಕೊಳ್ಳುವುದು ಎಂದಾಯಿತು. ಯಾರ ಅಪಸ್ವರವೂ ಯಾರಿಗೂ ಕೇಳದ ಈ ವ್ಯವಸ್ಥೆ ಎಷ್ಟು ಹಿಡಿಸಿತೆಂದರೆ ಲಾಕ್‌ಡೌನ್ ಮುಗಿದರೂ ಮಂಡಳಿ ಮಂಟಪ ಬಿಟ್ಟು ಹೊರಗೆ ಬರಲಿಲ್ಲ. ಪ್ರತಿ ಶುಕ್ರವಾರ ಸಂಜೆ ಬೊಂಬೆಗಳು ಸೇರುತ್ತವೆ. ಬಂದವರೆಲ್ಲ ತಮ್ಮ ತಮ್ಮ ಮುಂದೆ ಒಂದು ದೀಪ ಹಚ್ಚಿ ಕೂರುವುದು ಪದ್ಧತಿ.

ಇನ್ನು ಟೀಚರಮ್ಮ. ನಮ್ಮ ಮನೆಯ ಎದುರಿಗಿರುವವರು, ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಅವರು ಕೆಮ್ಮಿದರೆ ಇವತ್ತಿಗೂ ಬೀದಿಯ ಹುಡುಗರು ಕ್ರಿಕೆಟ್ ನಿಲ್ಲಿಸುತ್ತಾರೆ. ತಿ. ನರಸೀಪುರದ ಕಡೆಯ ಹಳ್ಳಿಯಿಂದ ಓದಲೆಂದು ಬಂದು ಇಲ್ಲೇ ನಿಂತ ಮನೆತನ. ಅವರ ನಡುಮನೆಯಲ್ಲಿ ಬುದ್ಧನ ಪಟವಿದೆ, ಪಕ್ಕದಲ್ಲೇ ಚಾಮುಂಡಿಯ ಪಟ. ಅವರ ಯಜಮಾನರು ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದವರು, ಮಾತಿಗೆ ಮುಂಚೆ ನಗುವ ಮನುಷ್ಯ. ಅವರಿಗೆ ಎದೆನೋವು ಬಂದು ಆಸ್ಪತ್ರೆ ಸೇರಿದ್ದರು. ಮುಂದಿನ ಸೋಮವಾರ ಆಪರೇಶನ್ ಎಂದು ಡಾಕ್ಟರು ಹೇಳಿದ್ದರು, ತಡ ಮಾಡಬಾರದು ಎಂದೂ ಹೇಳಿದ್ದರು.

ಆಪರೇಶನ್ ಆಗುವವರೆಗೆ ನಂದಾದೀಪ ಹಚ್ಚಿಡುತ್ತೇನೆಂದು ಟೀಚರಮ್ಮ ಹರಕೆ ಹೊತ್ತರು. ಮನೆಗೆ ಬೀಗ, ವಾರ್ಡಿನಲ್ಲಿ ಬೆಂಕಿಕಡ್ಡಿ ಗೀರಿದರೆ ನರ್ಸು ಗೀರಿಬಿಡುತ್ತಾರೆ. ಉಳಿದದ್ದು ನಮ್ಮ ಮಂಟಪ. ದೇವಿಯ ಪಾದದ ಹತ್ತಿರ ಅವರದೊಂದು ದೀಪ ಇಟ್ಟುಕೊಟ್ಟೆ. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಗಂಡ ಹೆಂಡತಿ ಹಗಲೆಲ್ಲ ಅದನ್ನು ನೋಡುತ್ತ ಕೂರುತ್ತಿದ್ದರು. ಮಂಡಳಿಯವರೂ ಹಿಂದೆ ಬೀಳಲಿಲ್ಲ, ಆ ವಾರ ದಿನಾ ಸಂಜೆ ಸೇರಿ ಅವರಿಗಾಗಿ ಹಾಡುವುದೆಂದು ತೀರ್ಮಾನಿಸಿದರು.

ನಾನು ಕಾರ್ಖಾನೆಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಟೀಚರಮ್ಮನ ಫೋನು ಬಂತು.

"ನನ್ನ ದೀಪ ಶಾಂತವಾಗ್ಬುಡ್ತು ಕಣಮ್ಮ."

ದೀಪ ಆರಿತು ಎಂದು ನಾವು ಬಾಯಲ್ಲಿ ಆಡುವುದಿಲ್ಲ. ಆದರೆ ಆ ಧ್ವನಿಯಲ್ಲಿ ಅದೇ ಇತ್ತು. ಹಗಲೆಲ್ಲ ಚೆನ್ನಾಗಿ ಉರಿಯುವ ದೀಪ, ಸಂಜೆ ಮಂಡಳಿ ಸೇರುತ್ತಿದ್ದ ಹಾಗೇ ಕಪ್ಪಾಗುತ್ತದಂತೆ. ಮೊದಲ ದಿನ ಸುಮ್ಮನಿದ್ದರಂತೆ, ಎರಡನೇ ದಿನವೂ ಹಾಗೇ ಆಯಿತಂತೆ. "ತಾಯಿಗೆ ಮನಸ್ಸಿಲ್ಲ ಅಂತ ಕಾಣುತ್ತೆ. ಶನಿವಾರದೊಳಗೆ ದೀಪ ನಿಂತ್ರೆ ಆಪರೇಶನ್ನು. ಇಲ್ಲಾಂದ್ರೆ ಬೇಡ ಅಂತ ಡಾಕ್ಟರಿಗೆ ಹೇಳ್ಬುಡ್ತೀನಿ."

ಲೆಕ್ಕ ಹೇಳಿಕೊಟ್ಟು ಜೀವ ಸವೆಸಿದವರು ಹೀಗನ್ನುವುದೇ ಎಂದು ನನಗೆ ರೇಗಿಹೋಯಿತು. ಹಿಂದೆಯೇ ಭಯವೂ ಆಯಿತು. ಅವರು ಒಮ್ಮೆ ಹೇಳಿದರೆ ಹೇಳಿದ್ದೇ. ಚಿತ್ರಾನ್ನದ ಡಬ್ಬಿಯನ್ನು ಹಾಗೇ ಮುಚ್ಚಿಟ್ಟೆ.

ಸಂಜೆ ನಾನೂ ಮಂಟಪಕ್ಕೆ ಹೋದೆ. ನನ್ನ ಪರದೆಯಲ್ಲಿ ಅವರ ದೀಪ ಜಗಜಗ ಉರಿಯುತ್ತಿತ್ತು. ಅಧ್ಯಕ್ಷೆಯನ್ನು ಕೇಳಿದೆ. "ನಮ್ಮನೇಲಿ ಭೇಷಾಗಿ ಕಾಣ್ತದಲ್ಲೇ," ಎಂದರು. ಆಸ್ಪತ್ರೆಗೆ ಫೋನು ಮಾಡಿದರೆ, "ಇಲ್ಲಿ ಕತ್ತಲೆ." ಸರಿ, ಲ್ಯಾಪ್‌ಟಾಪಿನದೇ ದೋಷ ಎಂದುಕೊಂಡೆ. ಮರುದಿನ ಕೆಲಸ ಮುಗಿಸಿ ನಂಜನಗೂಡು ರಸ್ತೆಯಿಂದ ಸೀದಾ ಆಸ್ಪತ್ರೆಗೆ ಹೋಗಿ ಚಿತ್ರ ಮೂಡಿಸುವ ತಂತ್ರಾಂಶವನ್ನೆಲ್ಲ ಹೊಸದು ಹಾಕಿದೆ, ನೆರಳುಗಳನ್ನು ತೆಗೆದೆ, ಕೂಡಿಟ್ಟ ಹಳೆಯ ಚಿತ್ರಗಳನ್ನು ಅಳಿಸಿದೆ. ಫಲ ಏನಾಯಿತೆಂದರೆ, ಅವರ ಪರದೆಯಲ್ಲಿ ಎಲ್ಲರ ರೇಷ್ಮೆ ಸೀರೆಯೂ ಬೂದಿ ಬಣ್ಣಕ್ಕೆ ತಿರುಗಿತು. ಅಧ್ಯಕ್ಷೆಯ ಜಡೆ ಬಂತು, ತಲೆ ಬರಲಿಲ್ಲ. ಗಾಳಿಯಲ್ಲಿ ತೂಗುವ ಜಡೆಯೊಂದು ಮಂಗಳಾರತಿ ಮಾಡುವುದನ್ನು ನೋಡಿ ಯಜಮಾನರು ಎದೆ ಹಿಡಿದುಕೊಂಡು ನಕ್ಕರು. ನರ್ಸು ಬಂದು ನನ್ನನ್ನು ಗದರಿದರು. ತಲೆ ಆಮೇಲೆ ಬಂತು. ದೀಪ ಮಾತ್ರ ಬರಲಿಲ್ಲ.

ನನ್ನ ಸ್ವಂತ ಲ್ಯಾಪ್‌ಟಾಪನ್ನೇ ಕೊಟ್ಟು ನೋಡಿದೆ, ಅದರಲ್ಲೂ ಹಾಗೇ. ಸುದ್ದಿ ಬೀದಿಯಲ್ಲಿ ಹರಡಿ ಸಲಹೆಗಳು ಬಂದವು. ಆಫ್ ಮಾಡಿ ಆನ್ ಮಾಡು ಎಂದರು. ಮಂಟಪದ ವಾಸ್ತು ಸರಿಯಿಲ್ಲ ಎಂದರು. ಅಧ್ಯಕ್ಷೆ ಮಾತ್ರ ದೃಷ್ಟಿಯಾಗಿದೆ ಎಂದು ತಮ್ಮ ಮನೆಯ ರೌಟರಿಗೆ ನಿಂಬೆಹಣ್ಣು ನಿವಾಳಿಸಿ, ರಸ ಒಳಗೆ ಸೋರಿ, ಎರಡು ದಿನ ಫೋನಿನ ಡೇಟಾದಲ್ಲೇ ಭಜನೆಗೆ ಬಂದರು.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಯಲ್ಲೇ ಕೂತೆ. ಏನಾಗುತ್ತದೋ ಕಣ್ಣಾರೆ ನೋಡಿಬಿಡೋಣ ಎಂದು. ಟೀಚರಮ್ಮ ಸ್ಟೂಲಿನ ಪಕ್ಕ ನೆಟ್ಟಗೆ ಕೂತಿದ್ದರು. ಪರದೆಯಲ್ಲಿ ದೂರದ ದೇವಿಯ ಪಾದದಲ್ಲಿ ಅವರ ದೀಪ, ಸಾಸಿವೆಯಷ್ಟು ಬೆಳಕು. ಒಬ್ಬೊಬ್ಬರೇ ಬಂದರು, ದೀಪ ಹಚ್ಚಿದರು, ಕೂತರು. ಐದು ಜನ ಬರುವ ತನಕ ಎಲ್ಲ ಸರಿಯಿತ್ತು. ಆರನೆಯವರ ದೀಪ ಹತ್ತಿತು, ಇವರ ದೀಪ ಹೋಯಿತು. ಟೀಚರಮ್ಮ ಗಂಡನ ಕಡೆ ನೋಡಿದರು.

"ನಂದೇನೂ ವೈರಿಂಗ್ ಪೂರ್ತಿ ಹೋಗಿಲ್ಲ, ಬುಡು ಕಣೇ," ಎಂದರು ಯಜಮಾನರು. ಅವರು ನಗಲಿಲ್ಲ.

"ಟೀಚರಮ್ಮ, ನಿಮ್ಮ ಬೊಂಬೆನ ಸ್ವಲ್ಪ ದೀಪದ ಹತ್ತಿರ ನಡೆಸಿ," ಎಂದೆ. ನಡೆಸಿದರು. ನಾಲ್ಕು ಹೆಜ್ಜೆಗೆ ದೀಪ ಭಗ್ಗನೆ ಹತ್ತಿಕೊಂಡಿತು. ಹಿಂದಕ್ಕೆ ಬಂದರೆ ಕತ್ತಲೆ. ನಾನು ಹಣೆ ಚಚ್ಚಿಕೊಂಡೆ. ಆ ಲೋಕಕ್ಕೆ ಎಲ್ಲ ದೀಪಗಳನ್ನೂ ಒಟ್ಟಿಗೆ ಬೆಳಗಿಸುವ ತಾಕತ್ತಿಲ್ಲ. ನೋಡುವವರಿಗೆ ಯಾವ ಆರು ದೀಪ ಹತ್ತಿರವೋ ಅವನ್ನು ಬೆಳಗಿಸುತ್ತದೆ, ಉಳಿದವನ್ನು ಕೈಬಿಡುತ್ತದೆ. ನಾವೆಲ್ಲ ಮುಂದೆ ಕೂತವರು, ನಮಗೆ ದೇವಿಯ ಪಾದದ ದೀಪ ಹತ್ತಿರ. ನಮಗೆ ಕಾಣದೆ ಹೋದದ್ದು ಹಿಂದಿನ ದೀಪಗಳು. ಭಜನೆಯಲ್ಲಿ ಹಿಂದೆ ತಿರುಗಿ ಯಾರು ನೋಡುತ್ತಾರೆ?

"ದೇವಿಗೂ ಇದಕ್ಕೂ ಸಂಬಂಧವಿಲ್ಲ ಕಣ್ರೀ," ಎಂದು ಖುಷಿಯಲ್ಲಿ ಕೂಗಿಯೇಬಿಟ್ಟೆ. "ನೀವು ದೂರ ಕೂತಿದೀರ ಅಷ್ಟೇ. ಮುಂದೆ ಹೋಗಿ ಕೂತ್ಕೊಳ್ಳಿ, ಮುಗೀತು."

ಟೀಚರಮ್ಮ ತಮ್ಮ ಬೊಂಬೆಯನ್ನು ವಾಪಸು ಬಾಗಿಲ ಪಕ್ಕಕ್ಕೇ ತಂದು ಕೂರಿಸಿದರು. "ಇಲ್ಲೇ ಸರಿ ಕಣಮ್ಮ. ಬೇರೇನಾದ್ರೂ ಮಾಡು."

"ಹಾಗಾದ್ರೆ ಉಳಿದವರ ದೀಪದ ಬೆಳಕು ತೆಗೆದುಬಿಡ್ತೀನಿ."

"ಛೆ, ಯಾರ ದೀಪಾನೂ ಮುಟ್ಬೇಡ. ಅವರ ಮನೇಲಿ ಏನೇನಿದೆಯೋ."

ಆಗ ನನಗೆ ಅಧ್ಯಕ್ಷೆಯ ಮನೆಯ ಹಜಾರ ನೆನಪಾಯಿತು. ಲಾಕ್‌ಡೌನಿಗೆ ಮುಂಚೆ ಭಜನೆ ನಡೆಯುತ್ತಿದ್ದದ್ದು ಅಲ್ಲಿ. ಅಲ್ಲೂ ಟೀಚರಮ್ಮ ಕೂರುತ್ತಿದ್ದದ್ದು ಬಾಗಿಲ ಪಕ್ಕ, ಚಪ್ಪಲಿಗಳ ಹತ್ತಿರ. ಅಲ್ಲಿ ಕೂರಿ ಎಂದು ಯಾರೂ ಹೇಳಿರಲಿಲ್ಲ. ಇಲ್ಲಿ ಬನ್ನಿ ಎಂದೂ ಯಾರೂ ಹೇಳಿರಲಿಲ್ಲ. ಯಾರೂ ಚಪ್ಪಲಿಯನ್ನೇ ಹಾಕದ ಈ ಮಂಟಪದಲ್ಲೂ ಅವರ ಬೊಂಬೆ ಸೀದಾ ಹೋಗಿ ಅಲ್ಲಿಯೇ ಕೂತಿತ್ತು. ನನಗೆ ಸಂಕಟವಾಯಿತು. ಸಂಕಟವಾದರೆ ನನಗೆ ಸಿಟ್ಟೇ ಬರುವುದು.

ಯಜಮಾನರು ದಿಂಬಿನಿಂದ ತಲೆ ಎತ್ತಿದರು. "ಅಲ್ಲ ಕಣೇ, ಲಾಸ್ಟ್ ಬೆಂಚಿನ ಹೈಕ್ಳನ್ನೆಲ್ಲ ಕಿವಿ ಹಿಡ್ದು ಮುಂದ್ಗಡೆ ತಂದು ಕೂರಿಸ್ತಿದ್ದೋಳು ನೀನೇ ಅಲ್ವಾ?"

"ಅವರನ್ನ ನಾನು ಕರೀತಿದ್ದೆ," ಎಂದರು ಟೀಚರಮ್ಮ.

ಅಷ್ಟೇ ಅಂದದ್ದು. ನಾನು ಮೈಕು ತೆರೆದು, ನಡೆಯುತ್ತಿದ್ದ ಹಾಡನ್ನು ಮಧ್ಯದಲ್ಲೇ ಕತ್ತರಿಸಿದೆ. "ಅಧ್ಯಕ್ಷರೇ, ಟೀಚರಮ್ಮನ ದೀಪ ಅವರಿಗೆ ಕಾಣ್ತಿಲ್ಲ. ಬಾಗಿಲ ಹತ್ರ ಕೂತ್ರೆ ಕಾಣಲ್ಲ. ಮುಂದೆ ಜಾಗ ಬೇಕು." ನನ್ನ ಗಂಟಲು ಬೇಕಾದ್ದಕ್ಕಿಂತ ಏರಿತ್ತು.

 ಮೈಕು ಮುಚ್ಚಿದ್ದ ಮನೆಗಳಲ್ಲೂ ಹಾಡು ನಿಂತಿರಬೇಕು. ಆಮೇಲೆ ದೇವಿಯ ಎದುರಿಗೇ ಕೂತಿದ್ದ ಅಧ್ಯಕ್ಷೆಯ ಬೊಂಬೆ ಎದ್ದಿತು. ಗಾಬರಿಯಲ್ಲಿ ಯಾವ ಗುಂಡಿ ಒತ್ತಿದರೋ, ಒಮ್ಮೆ ಕಂಬದೊಳಗೆ ಹೊಕ್ಕು ಹೊರಬಂತು.

"ಬನ್ನಿ ಟೀಚರಮ್ಮ, ಬನ್ನಿ. ಎಷ್ಟೊತ್ತಿಂದ ನಿಮಗೇ ಅಂತ ಜಾಗ ಹಿಡ್ಕೊಂಡು ಕೂತಿದೀನಿ," ಎಂದರು ಅಧ್ಯಕ್ಷೆ.

ಅಪ್ಪಟ ಸುಳ್ಳು. ಅದಕ್ಕಿಂತ ಚೆಂದದ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಟೀಚರಮ್ಮ ಗುಂಡಿ ಒತ್ತಿದರು. ಅವರ ಬೊಂಬೆ ಮಂಟಪದ ಉದ್ದಕ್ಕೂ ನಡೆದು ಹೋಗಿ ದೇವಿಯ ಎದುರಿಗೆ ಕೂತಿತು. ಪರದೆಯ ತುಂಬ ದೀಪ. ಅವರು ಸೆರಗಿನಿಂದ ಮೂಗು ಒರೆಸಿಕೊಂಡು, ಗಂಡನ ಕಡೆ ತಿರುಗದೆಯೇ, "ಸೋಮವಾರ ಮಾಡ್ಸೋದೇ," ಎಂದರು. ಯಜಮಾನರು ಕಣ್ಣು ಮುಚ್ಚಿಕೊಂಡರು. ನಾನು ಲ್ಯಾಪ್‌ಟಾಪಿನ ವೈರು ಸರಿಮಾಡುವ ನೆಪದಲ್ಲಿ ಬಗ್ಗಿದೆ.

ಅಷ್ಟರಲ್ಲಿ ಅಧ್ಯಕ್ಷೆಯ ಧ್ವನಿ ಬಂತು. ಮುಂದಿನ ಜಾಗ ಬಿಟ್ಟುಕೊಟ್ಟವರಿಗೆ ಉಳಿದದ್ದು ಬಾಗಿಲ ಪಕ್ಕದ ಜಾಗವೊಂದೇ.

"ಅಯ್ಯೋ, ಇಲ್ಲಿಂದ ದೇವರ ದೀಪಾನೇ ಕಾಣಲ್ವಲ್ರೀ! ಬರೀ ಕತ್ತಲೆ!"

"ಹೂಂ ಕಣ್ರೀ," ಎಂದರು ಟೀಚರಮ್ಮ. "ಅಲ್ಲಿಂದ ಕಾಣಲ್ಲ." ಕೊಂಕಿಲ್ಲ, ಸಿಟ್ಟಿಲ್ಲ. ಮಗು ಬಿಡಿಸಿದ ಲೆಕ್ಕ ನೋಡಿ ಸರಿ ಅನ್ನುವ ಧ್ವನಿ.  ಆಮೇಲೆ ಅವರೇ ಕೆಮ್ಮಿದರು, ಬೀದಿಯ ಕ್ರಿಕೆಟ್ ನಿಲ್ಲಿಸುವ ಕೆಮ್ಮು. "ಅಲ್ಲಿ ಯಾಕೆ ಕೂತಿದೀರ, ಎದ್ದು ಬನ್ನಿ. ಎಲ್ಲಾರೂ ಮುಂದಕ್ಕೆ ಬನ್ನಿ, ಒತ್ತರಿಸಿಕೊಂಡು ಕೂತ್ರೆ ಜಾಗ ಆಗುತ್ತೆ."

ಯಜಮಾನರು ಈಗ ಮನೆಯಲ್ಲಿದ್ದಾರೆ. ಹೊಸ ವೈರಿಂಗ್ ಎಂದು ಎದೆ ತಟ್ಟಿಕೊಂಡು ಬೆಳಿಗ್ಗೆ ಬೀದಿಯಲ್ಲಿ ನಡೆಯುತ್ತಾರೆ. ಮಂಡಳಿ ಅವತ್ತಿನಿಂದ ದೇವಿಯ ಸುತ್ತ ಗುಂಪಾಗಿ ಕೂರುತ್ತದೆ. ಆ ಲೋಕದಲ್ಲಿ ಇಬ್ಬರು ತೀರಾ ಹತ್ತಿರ ಕೂತರೆ ಒಬ್ಬರ ಮೊಣಕೈ ಇನ್ನೊಬ್ಬರೊಳಗೆ ಹೊಕ್ಕು, ಸೀರೆಗಳು ಒಂದರೊಳಗೊಂದು ಸೇರಿ, ಯಾವುದು ಯಾರದೆಂದು ತಿಳಿಯದೆ ಮಿಣಮಿಣ ಮಿನುಗುತ್ತವೆ. ಅದನ್ನು ಸರಿಮಾಡು ಎಂದು ಅಧ್ಯಕ್ಷೆ ಪ್ರತಿ ಶುಕ್ರವಾರ ಹೇಳುತ್ತಾರೆ. ಮಾಡುತ್ತೇನೆ ಎಂದು ರೇಗುತ್ತೇನೆ. ಅದೊಂದನ್ನು ಮಾತ್ರ ನಾನು ಸರಿಮಾಡಲು ಹೋಗಿಲ್ಲ.