ಮೌಶಿ ಕೇಳಿದ ದರ

ಮೌಶಿಯ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತು ಉಗುರುಗಳಿಗಿಂತ ಉದ್ದವಾಗಿತ್ತು. ಪಾತ್ರೆ ತಿಕ್ಕಿ, ಬಟ್ಟೆ ಒಗೆದು ಉಳಿದವೆಲ್ಲ ಸವೆದಿದ್ದರೂ ಆ ಒಂದನ್ನು ಮಾತ್ರ ಆಕೆ ಜೋಪಾನವಾಗಿ ಬೆಳೆಸಿದ್ದಳು. ಅಂಗಡಿಗೆ ಹೋದರೆ ಕುರ್ಚಿಯ ಅಡಿಗೆ, ಕಪಾಟಿನ ಹಿಂಬದಿಗೆ, ಮಂಚದ ಕಾಲಿನ ಒಳಮೈಗೆ ಅದರಿಂದ ಒಮ್ಮೆ ಗೀರುವಳು. ಪಾಲಿಶ್ ಕೆಳಗೆ ಎಂಥ ಕಟ್ಟಿಗೆ ಇದೆ ಎಂಬುದು ಆಕೆಗೆ ಅಷ್ಟರಲ್ಲೇ ಗೊತ್ತಾಗುತ್ತಿತ್ತು.

ನಾನು ಮದುವೆಯಾಗಿ ವಿಜಾಪುರದಿಂದ ಮುಂಬೈಯ ಕುರ್ಲಾದ ಚಾಳಿಗೆ ಬಂದದ್ದು ಅರವತ್ತರ ದಶಕ ಮುಗಿಯುವ ಹೊತ್ತಿಗೆ. ನಮ್ಮದು ಎರಡನೆಯ ಮಾಳಿಗೆಯ ಒಂದೇ ಕೋಣೆಯ ಖೋಲಿ. ಎದುರು ಖೋಲಿಯಲ್ಲಿ ಗೋಕಾಕ ಕಡೆಯ ಈ ಹೆಂಗಸು. ಗಂಡ ಮಿಲ್ ಕಾರ್ಮಿಕ, ಒಬ್ಬನೇ ಮಗ. ಇಡೀ ಚಾಳಿಗೆ ಆಕೆ ಮೌಶಿ, ಅಂದರೆ ಚಿಕ್ಕಮ್ಮ. ಯಾರ ಮನೆಗೆ ಗಾದಿ ಬರಲಿ, ಪರದೆ ಬರಲಿ, ಕಪಾಟು ಬರಲಿ, ಅಂಗಡಿಗೆ ಆಕೆ ಜೊತೆಗೆ ಹೋಗಲೇಬೇಕು. ಆಕೆಯ ಸ್ವಂತ ಮನೆಯಲ್ಲಿ ಇದ್ದದ್ದು ಒಂದು ಟ್ರಂಕು, ಎರಡು ಚಾಪೆ.

ನನಗೆ ಆಗ ಕನ್ನಡ ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ತರಕಾರಿಯವನು ಎಷ್ಟು ಹೇಳಿದರೆ ಅಷ್ಟು ಕೊಟ್ಟು ತಲೆ ತಗ್ಗಿಸಿ ಬರುತ್ತಿದ್ದೆ. ನನ್ನ ಯಜಮಾನರು ನನಗಿಂತ ಮೇಲೇನಲ್ಲ. ಅಂಗಡಿಯವನು ಹೇಳಿದ ಬೆಲೆಗೇ ಅವರು ತಂದ ಕುರ್ಚಿಯ ಕಾಲು ಒಂದೇ ತಿಂಗಳಿಗೆ ಅಲ್ಲಾಡತೊಡಗಿತ್ತು.

ಮರುವರ್ಷ ಊರಲ್ಲಿ ಮಾವನವರು ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಮುಂಬೈಗೆ ಕರೆತಂದು ಸಯನ್ ಆಸ್ಪತ್ರೆಯಲ್ಲಿ ಆಪರೇಶನ್ ಮಾಡಿಸಿದೆವು. ಮನೆಗೆ ಕಳಿಸುವ ಮುಂಚೆ ಡಾಕ್ಟರು ಒಂದು ಮಾತು ಹೇಳಿದರು: ನೆಲದ ಮೇಲೆ ಮಲಗಿಸುವಂತಿಲ್ಲ, ಗಟ್ಟಿಯಾದ ಮಂಚ ಬೇಕು, ಅಲ್ಲಾಡುವ ಮಂಚವಾದರೆ ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ. ನಮ್ಮ ಕೈಯಲ್ಲಿ ಇದ್ದದ್ದು ನೂರಾ ಇಪ್ಪತ್ತು ರೂಪಾಯಿ, ಎರಡು ದಿನ.

ನಾನು ಮೌಶಿಯ ಬಾಗಿಲಿಗೆ ಹೋಗಿ ಅತ್ತುಬಿಟ್ಟೆ. ಆಕೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

“ಅಳೂದು ಬಿಡು ಮಗಳ. ಚಪ್ಪಲಿ ಹಾಕ್ಕೋ. ನಿನ್ನ ಗಂಡನ್ನೂ ಕರಿ, ಆದ್ರ ಅಲ್ಲಿ ಅವ ಬಾಯಿ ಬಿಡಬಾರ್ದು ನೋಡು.”

ಸ್ಟೇಷನ್ ಹತ್ತಿರದ ಫರ್ನಿಚರ್ ಅಂಗಡಿಯ ಬಾಗಿಲಲ್ಲೇ ಒಂದು ಬೋರ್ಡ್ ತೂಗುತ್ತಿತ್ತು. “ಏನ್ ಬರದಾನ?” ಎಂದಳು ಮೌಶಿ.

“ಏಕ್ ದಾಮ್ ಅಂತ ಐತ್ರಿ ಮೌಶಿ. ಒಂದ ದರ, ಚೌಕಾಶಿ ಇಲ್ಲ ಅಂತ,” ಯಜಮಾನರು ಓದಿ ಹೇಳಿದರು.

“ನನಗ ಓದಾಕ ಬರೂದಿಲ್ಲ. ಆ ಬೋರ್ಡ್ ನನಗಲ್ಲ, ಬಾ.”

ಸೇಠ್ ನಮ್ಮನ್ನು ನೋಡಿದವನೇ ಕೆತ್ತನೆಯ ತಲೆಹಲಗೆಯಿದ್ದ, ಕನ್ನಡಿಯಂತೆ ಹೊಳೆಯುವ ಮಂಚ ತೋರಿಸಿದ. “ಅಸಲಿ ಸಾಗವಾನ್. ಏಕ್ ಸೌ ಅಸ್ಸೀ.” ನೂರಾ ಎಂಬತ್ತು! ಯಜಮಾನರ ಬಾಯಿ ತೆರೆಯಿತು. ಮೌಶಿ ಅವರ ಕಡೆ ನೋಡಿದ್ದೇ ಮುಚ್ಚಿತು.

ಆಮೇಲೆ ಆಕೆ ಮಾಡಿದ್ದನ್ನು ನಾನು ಯಾವತ್ತೂ ಮರೆಯಲಾರೆ. ಚಪ್ಪಲಿ ಬಿಟ್ಟು, ಮಂಚದ ಮೇಲೆ ಕಾಲು ಚಾಚಿ, ಸೆರಗು ಹೊದ್ದು, ಅಂಗಡಿಯ ನಟ್ಟನಡುವೆ ಮಲಗಿಯೇ ಬಿಟ್ಟಳು. ರಸ್ತೆಯಲ್ಲಿ ಹೋಗುವವರು ನಿಂತು ನೋಡತೊಡಗಿದರು.

“ಬಾಯೀ, ಯೇ ಕ್ಯಾ ಕರ್ತೀ ಹೋ?” ಸೇಠ್ ಗಾಬರಿಯಾದ.

“ಬುಡ್ಢಾ ಆದ್ಮಿ ಸೋಯೇಗಾ ರೀ ಸೇಠ್, ಹಡ್ಡಿ ಟೂಟಾ ಹುವಾ. ಪೆಹಲೇ ಮೈ ಸೋಕೇ ದೇಖತಿ.” ಮೂಳೆ ಮುರಿದ ಮುದುಕ ಮಲಗಬೇಕು, ಮೊದಲು ತಾನೇ ಮಲಗಿ ನೋಡುತ್ತೇನೆ ಎಂದು ಆಕೆ ಎಡಕ್ಕೆ ಹೊರಳಿದಳು. ಮಂಚ ಕಿರ್ ಎಂದಿತು. ಬಲಕ್ಕೆ ಹೊರಳಿದಳು. ಇನ್ನೂ ಜೋರಾಗಿ ಕಿರ್ ಎಂದಿತು. ಹೊರಗೆ ನಿಂತವರಲ್ಲಿ ಒಬ್ಬ ನಕ್ಕ. ಮೌಶಿ ನಿಧಾನವಾಗಿ ಎದ್ದು ಮಂಚದ ಕೆಳಗೆ ಕೈ ಹಾಕಿ ಗೀರಿ, ಹೆಬ್ಬೆರಳನ್ನು ಸೇಠನಿಗೆ, ಹತ್ತಿರ ನಿಂತ ನಮಗೆ ಮಾತ್ರ ಕಾಣುವಂತೆ ಹಿಡಿದಳು. ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ, ಬಿಳಿ ಹೊಟ್ಟು. ಹಣ್ಣಿನ ಪೆಟ್ಟಿಗೆ ಮಾಡುವ ಕಟ್ಟಿಗೆ ಅದು.

ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಆಕೆ ದನಿ ತಗ್ಗಿಸಿ, ಹೊರಗೆ ನಿಂತ ಯಾರಿಗೂ ಕೇಳದಂತೆ, “ಸಾಗವಾನಿ ಇದ್ದದ್ದು ತೋರ್ಸು” ಎಂದು ತನ್ನ ಹರಕು ಹಿಂದಿಯಲ್ಲಿ ಹೇಳಿದಳು. ಸೇಠ್ ನಮ್ಮನ್ನು ಹಿಂದಿನ ಗೋದಾಮಿಗೆ ಕರೆದೊಯ್ದ. ಅಲ್ಲಿ ಕೆತ್ತನೆಯಿಲ್ಲದ, ಪಾಲಿಶ್ ಕಾಣದ ಒಂದು ಮಂಚ ಗೋಡೆಗೆ ಒರಗಿತ್ತು. ಮೌಶಿ ಗೀರಿದಳು, ಬಡಿದಳು, ಮೇಲೆ ಕೂತು ಅಲುಗಾಡಿಸಿದಳು. ಅದು ಸದ್ದು ಮಾಡಲಿಲ್ಲ.

ಸೇಠ್ ನೂರಾ ಐವತ್ತು ಎಂದ. ಮೌಶಿ ತೊಂಬತ್ತು ಎಂದಳು. ಅವನು ಹಣೆ ಬಡಿದುಕೊಂಡ. ಆಕೆ ಚಪ್ಪಲಿ ಮೆಟ್ಟಿ ಬಾಗಿಲ ತನಕ ಬಂದಳು. ಹಿಂದೆ ನೋಡಿದ ನನ್ನ ಕುತ್ತಿಗೆಯನ್ನು ಕೈಯಿಂದ ಮುಂದಕ್ಕೆ ತಿರುಗಿಸಿದಳು. ಅವನು ಕರೆದ. ನೂರಾ ಮೂವತ್ತು. ಮತ್ತೆ ಬಾಗಿಲು. ಕೊನೆಗೆ ಆಕೆಯೇ ತಿರುಗಿ ನಿಂತು ಕೇಳಿದಳು: “ಸೇಠ್, ಖರೇ ಬೋಲೋ. ನಿನಗೂ ಲುಕ್ಸಾನ್ ಇಲ್ಲ, ನನಗೂ ಮೋಸ ಇಲ್ಲ. ಕಿತನಾ?”

ಸೇಠ್ ಆಕೆಯನ್ನೇ ನೋಡಿದ. ಸೋತವನಂತೆ ನಕ್ಕ. “ಏಕ್ ಸೌ ದಸ್.” ನೂರಾ ಹತ್ತು.

“ಕೊಡು ಮಗಳ,” ಎಂದಳು ಮೌಶಿ. ಇನ್ನೂ ಐದು ರೂಪಾಯಿ ಇಳಿಸಬಹುದಿತ್ತಲ್ಲ ಎಂದು ನಾನು ಕಿವಿಯಲ್ಲಿ ಪಿಸುಗುಟ್ಟಿದೆ. “ಖರೇ ಹೇಳಿದವನ ಕೂಡ ಮತ್ತ ಜಗ್ಗ್ಯಾಡಬಾರ್ದು. ಅವಗೂ ಮನಿ ಐತಿ.”

ಹೊರಗೆ ಬಂದು ಕೈಗಾಡಿಯವನನ್ನು ಕರೆದೆವು. ಮೂರು ರೂಪಾಯಿ ಕೇಳಿದ. ಅಷ್ಟರಲ್ಲಿ ಉತ್ಸಾಹ ಬಂದಿದ್ದ ಯಜಮಾನರು “ಎರಡು” ಎಂದರು. ಮೌಶಿ ಸಿಡುಕಿದಳು. “ಎರಡು ಮಾಳಿಗಿ ಹೊತ್ತು ಏರಿಸ್ತಾನ. ನೀವು ಹೊರ್ತೀರೇನ್ರಿ? ಸುಮ್ನ ಕೊಡ್ರಿ.”

ಟ್ಯಾಕ್ಸಿಯಲ್ಲಿ ಬಂದ ಮಾವನವರನ್ನು ನಾಲ್ವರು ಹೊತ್ತು ತಂದು ಆ ಮಂಚದ ಮೇಲೆ ಮಲಗಿಸಿದರು. ಮದುವೆಯಾದಾಗಿನಿಂದ ನನ್ನ ಜೊತೆ ನೇರ ಮಾತಾಡಿರದ ಮನುಷ್ಯ. ಹಲಗೆಯನ್ನು ಕೈಯಿಂದ ಸವರಿ, “ಯಾರ್ ತಂದಾರ ಇದನ್ನ?” ಎಂದು ಕೇಳಿದರು.

ಬಾಗಿಲಲ್ಲಿ ನಿಂತಿದ್ದ ಮೌಶಿ ನಾನು ಬಾಯಿ ತೆರೆಯುವ ಮುಂಚೆಯೇ ಹೇಳಿದಳು: “ನಿಮ್ಮ ಸೊಸೀರಿ. ಸೇಠನ ಕೂಡ ಜಗಳಾಡಿ ತಂದಾಳ.”

“ಗಟ್ಟಿ ಆಳು,” ಎಂದರು ಮಾವನವರು. ಮೂರು ತಿಂಗಳಿಗೆ ಅವರು ಕೋಲು ಹಿಡಿದು ಗ್ಯಾಲರಿಯಲ್ಲಿ ಓಡಾಡಿದರು.

ಯಾಕೆ ಸುಳ್ಳು ಹೇಳಿದಿರಿ ಎಂದು ನಾನು ಕೇಳಿದಾಗ ಮೌಶಿ ತನ್ನ ಕಥೆ ಹೇಳಿದಳು. ಮುಂಬೈಗೆ ಬಂದ ಹೊಸತರಲ್ಲಿ ಆಕೆ ಮಗನಿಗೊಂದು ತೊಟ್ಟಿಲು ಕೊಂಡಿದ್ದಳು. ಹುಳ ತಿಂದ ತೂತುಗಳಿಗೆ ಮೇಣ ತುಂಬಿ ಬಣ್ಣ ಹೊಡೆದಿದ್ದರು. ಎಂಟನೆಯ ದಿನ ಅದು ಮುರಿದು ಕೂಸು ನೆಲಕ್ಕೆ ಬಿತ್ತು. ಅವನ ಗದ್ದದ ಮೇಲಿನ ಕಲೆ ಆಗಿನದು.

“ಆ ಮೇಣ ನನಗ ಅಂಗಡ್ಯಾಗ ಕಂಡಿತ್ತು ಮಗಳ. ಕೇಳ್ಲಿಕ್ಕೆ ನಾಚಿಕಿ ಆತು. ಸುಮ್ನ ರೊಕ್ಕ ಕೊಟ್ಟು ಬಂದೆ. ನಿನ್ನ ನೋಡಿದ್ರ ನನಗ ಆಗ ನಾನಿದ್ದ ಆ ಹುಡಿಗಿ ನೆನಪಾಗ್ತಾಳ.”

ಅಂದಿನಿಂದ ಆಕೆ ಎಲ್ಲಿಗೆ ಹೋದರೂ ನನ್ನನ್ನು ಎಳೆದುಕೊಂಡು ಹೋದಳು. ಹಿಂದಿ ಕಲಿತೆ, ಮರಾಠಿ ಕಲಿತೆ. ನಾಲ್ಕು ವರ್ಷಗಳ ನಂತರ ಯಜಮಾನರ ಕಂಪನಿ ಮುಚ್ಚಿದಾಗ, ಸಯನ್‌ನ ಒಂದು ಪರದೆ ಬಟ್ಟೆಯ ಅಂಗಡಿಯಲ್ಲಿ ನಾನೇ ಕೆಲಸ ಕೇಳಿ ಪಡೆದೆ. ಗಲ್ಲಾದ ಮೇಲೆ ಕೂತ ಮಾಲೀಕರು ಒಂದು ತಿಂಗಳು ನೋಡುತ್ತೇನೆ ಎಂದಿದ್ದರು. ಗಿರಾಕಿಗೆ ಪರದೆ ಬಟ್ಟೆ ಮೀಟರಿಗೆ ಏಳು ರೂಪಾಯಿ ಹೇಳಬೇಕು, ಐದೂವರೆಗೆ ಇಳಿಯಬೇಕು, ಅದಕ್ಕಿಂತ ಕೆಳಗಿಲ್ಲ. ಅದು ಅಂಗಡಿಯ ಪದ್ಧತಿ.

ಇಪ್ಪತ್ತನೆಯ ದಿನವೋ ಏನೋ, ಮೌಶಿ ಚಾಳಿನ ಮೂರು ಹೆಂಗಸರನ್ನು ಕಟ್ಟಿಕೊಂಡು ಅಂಗಡಿ ಹತ್ತಿ ಬಂದಳು. ಮಗನ ಮದುವೆ ಗೊತ್ತಾಗಿತ್ತು. ಒಂದೇ ಖೋಲಿಯನ್ನು ಎರಡು ಮಾಡಲು ಪರದೆ ಬೇಕಿತ್ತು. ನನ್ನನ್ನು ಗುರುತೇ ಇಲ್ಲದವಳಂತೆ ಸುತ್ತಿಟ್ಟ ಬಟ್ಟೆಯ ಒಂದು ಥಾನನ್ನು ಬಿಚ್ಚಿಸಿದಳು.

“ಮೀಟರಿಗೆ ಎಷ್ಟು?”

ಮಾಲೀಕರು ಕನ್ನಡಕದ ಮೇಲಿಂದ ನೋಡುತ್ತಿದ್ದರು. ಏಳು ಎಂದು ಆಕೆಯ ಮುಖ ನೋಡಿ ಹೇಳಲು ನನ್ನಿಂದ ಆಗಲಿಲ್ಲ. ನಾನು ಖರೇ ಬೆಲೆ ಹೇಳಿದ ಮೇಲೂ ಆಕೆ ಅಲ್ಲಿಂದ ಕೆಳಕ್ಕೆ ಜಗ್ಗಿದರೆ ನನ್ನ ಕೆಲಸ ಹೋಯಿತು. “ಐದೂವರಿ, ಮೌಶಿ,” ಎಂದೆ.

ಆಕೆ ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಬೆರಳು ಒದ್ದೆ ಮಾಡಿ ಬಣ್ಣ ತಿಕ್ಕಿ ನೋಡಿದಳು. ಜೊತೆಗೆ ಬಂದವರು ಇನ್ನು ಜಗಳ ಶುರು ಎಂದು ಸರಿದು ಕೂತರು. ಮೌಶಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

“ಹತ್ತು ಮೀಟರ್ ಕತ್ತರಿಸು.”

ಒಬ್ಬಾಕೆ “ಅಯ್ಯ, ಚೌಕಾಶಿ ಮಾಡಂಗಿಲ್ಲೇನ್ ಮೌಶಿ?” ಎಂದಳು. “ಯಾಕ? ಹುಡಿಗಿ ಖರೇ ಹೇಳ್ಯಾಳ. ನೀವೂ ತೊಗೋರಿ,” ಎಂದಳು ಆಕೆ, ಮಾಲೀಕರಿಗೆ ಕೇಳುವಷ್ಟು ಜೋರಾಗಿ. ಮೂವರೂ ಕೊಂಡರು. ಮುಂದಿನ ವಾರ ಚಾಳಿನ ಇನ್ನೂ ಏಳೆಂಟು ಮನೆಯವರು ಬಂದರು. ತಿಂಗಳು ತುಂಬುವ ಮೊದಲೇ ಮಾಲೀಕರು ನನ್ನ ಕೆಲಸ ಕಾಯಂ ಮಾಡಿದರು. ಏಳು ಹೇಳುವ ಪದ್ಧತಿಯಿಂದ ನನ್ನೊಬ್ಬಳನ್ನು ಬಿಟ್ಟರು. ಆ ಸಂಬಳದಲ್ಲಿ ನಮ್ಮ ಮನೆ ನಡೆಯಿತು, ಮಗಳು ಓದಿದಳು.

ಸೊಸೆ ಬಂದು ಎರಡು ವರ್ಷಕ್ಕೆ ಮೌಶಿ ದಮ್ಮಿನಿಂದ ತೀರಿಕೊಂಡಳು. ಇಡೀ ಚಾಳು ಸ್ಮಶಾನದ ದಾರಿ ಹಿಡಿದಿತ್ತು. ಸ್ಟೇಷನ್ ಹತ್ತಿರ ಮಂಚ ಕೊಟ್ಟಿದ್ದ ಸೇಠ್ ತನ್ನ ಅಂಗಡಿಯಿಂದ ಇಳಿದು ಬಂದು ಕೈಮುಗಿದು ನಿಂತ.

ಮರುದಿನ ನಾನು ಕೆಲಸಕ್ಕೆ ಹೋದೆ. ಮೊದಲು ಬಂದದ್ದು ಹೊಸದಾಗಿ ಮದುವೆಯಾದ ಜೋಡಿ. ಹುಡುಗಿ ಹೂವಿನ ಪರದೆಯ ಮೇಲೆ ಕೈಯಿಟ್ಟು, ಗಂಡನ ಬೆನ್ನ ಹಿಂದೆ ಅರ್ಧ ಅಡಗಿ, ಕೇಳಿಸಿಯೂ ಕೇಳಿಸದಂತೆ ಬೆಲೆ ಕೇಳಿದಳು. ಅವಳನ್ನು ಮುಂದೆ ಕರೆದು ಕೂರಿಸಿ, ಬಟ್ಟೆಯನ್ನು ಅವಳ ಮಡಿಲಲ್ಲಿ ಹರವಿ, ಇದ್ದ ಬೆಲೆಯನ್ನು ಸ್ಪಷ್ಟವಾಗಿ ಹೇಳಿದೆ.